ಚಂಡಮಾರುತ ಬಡಿದ ಊರಿಗೆ ಇಪ್ಪತ್ತನಾಲ್ಕು ಮಂದಿ ಹೋಗಬೇಕೇ?

ಪ್ರಶ್ನೆ: ನಾವು ಗದಗ-ಬೆಟಗೇರಿಯ ಒಂದು ಕ್ರೈಸ್ತ ಸಭೆಯ ಯುವಜನ ಸಂಘದವರು. ಅಮೆರಿಕದಲ್ಲಿರುವ ನನ್ನ ಅಣ್ಣ, ಹರಿಕೇನ್ (ಅಲ್ಲಿ ಚಂಡಮಾರುತಕ್ಕೆ ಹೇಳುವ ಹೆಸರು) ಬಂದುಹೋದ ಊರಿಗೆ ತನ್ನ ಚರ್ಚ್‌ನವರ ಜೊತೆ ಮಿಷನ್ ಟ್ರಿಪ್ ಹೋಗಿ ಮನೆ ರಿಪೇರಿ ಮಾಡಿದ ಫೋಟೊ ಕಳಿಸಿದ್ದ. ಅದನ್ನು ನೋಡಿ ನಮಗೂ ಹುರುಪು ಬಂತು. ಆಂಧ್ರದ ಚೀರಾಲ ಹತ್ತಿರದ ಒಂದು ಹಳ್ಳಿಯ ಸಭಾಪಾಲಕರು (ಪಾಸ್ಟರ್) ನಮಗೆ ಪರಿಚಯ. ಅಲ್ಲಿ ಚಂಡಮಾರುತಕ್ಕೆ ತಗಡಿನ ಮನೆಗಳು ಹಾರಿವೆ, ಗೋಡೆ ಬಿದ್ದಿವೆ, ನೇಕಾರರ ಮನೆಗಳಿಗೆ ನೀರು ನುಗ್ಗಿದೆ. ಸುಗ್ಗಿ ಹಬ್ಬದ ಹರಾಜಿನ ಹಣವೂ ಸೇರಿ ನಮ್ಮ ಹತ್ತಿರ 4 ಲಕ್ಷ ರೂಪಾಯಿ ಇದೆ. 24 ಮಂದಿ 8 ದಿನ ಹೋಗಿ ಮನೆ ಕಟ್ಟಿಕೊಡಬೇಕು ಅಂತ ಆಸೆ. ಬರುವ ತಿಂಗಳೇ ಹೋಗಬಹುದೇ? ಸಂಜೆ ಅಲ್ಲಿ ಪ್ರಾರ್ಥನಾ ಕೂಟ ನಡೆಸಬಹುದೇ? ಅಣ್ಣನ ಚರ್ಚ್‌ನವರೂ ಸ್ವಲ್ಪ ಹಣ ಕಳಿಸುತ್ತೇವೆ ಅಂದಿದ್ದಾರೆ. ಏನೇನು ತಯಾರಿ ಬೇಕು?

ಉತ್ತರ: ಹೋಗಿ. ಆದರೆ 24 ಮಂದಿ ಬೇಡ, ಬರುವ ತಿಂಗಳು ಬೇಡ, ಇಟ್ಟಿಗೆ ಹೊರಲಂತೂ ಬೇಡ. ಮೊದಲು ನಾಲ್ಕೇ ಜನ ಹೋಗಿ ನೋಡಿಕೊಂಡು ಬನ್ನಿ. ಗೋಡೆ ಕಟ್ಟುವ ಕೆಲಸ ಅಲ್ಲಿನ ಗೌಂಡಿಗಳಿಗೆ ಬಿಡಿ, ಕೂಲಿ ನೀವು ಕೊಡಿ. ಅವರ ಹತ್ತಿರ ಇಲ್ಲದ್ದು, ನಿಮ್ಮ ಹತ್ತಿರ ಇರುವುದು ಒಂದಿದೆ. ನೀವು ಬೆಟಗೇರಿಯವರು, ಮಗ್ಗದ ಊರಿನವರು. ನಿಮ್ಮ ಪತ್ರದಲ್ಲಿ ನೇಕಾರರ ಮನೆಗೆ ನೀರು ನುಗ್ಗಿದ ಮಾತು ಒಂದೇ ಸಾಲಿನಲ್ಲಿ ಹೋಗಿಬಿಟ್ಟಿದೆ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಮೊದಲು ಅಣ್ಣನ ಫೋಟೊಗಳ ವಿಷಯ. ಅಮೆರಿಕದಲ್ಲಿ ಆ ಪದ್ಧತಿ ನಡೆಯುವುದಕ್ಕೆ ಕಾರಣ ಇದೆ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಹರಿಕೇನ್ ಬಂದಾಗ ನ್ಯೂ ಆರ್ಲಿಯನ್ಸ್ ಊರಿನ ನೂರಕ್ಕೆ ಎಂಬತ್ತು ಭಾಗ ನೀರಲ್ಲಿ ನಿಂತಿತು. ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಒಳಗೋಡೆ ಜಿಪ್ಸಂ ಹಲಗೆಯದು. ನೀರು ಕುಡಿದ ಹಲಗೆಗೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಅದನ್ನೆಲ್ಲ ಕಿತ್ತು ಹೊರಗೆ ಹಾಕಿ, ಕೆಸರು ಬಾಚಿ, ಚೌಕಟ್ಟನ್ನು ಒಣಗಿಸಬೇಕು. ಈ ಕೆಲಸಕ್ಕೆ ಕೈಬಲ ಸಾಕು, ಕಸುಬು ಬೇಕಿಲ್ಲ. ಅಲ್ಲಿ ಕೂಲಿಯೋ ವಿಪರೀತ ದುಬಾರಿ. ಹಾಗಾಗಿ ಬೇರೆ ಬೇರೆ ರಾಜ್ಯಗಳಿಂದ ಚರ್ಚ್ ತಂಡಗಳು ಸ್ವಂತ ಗಾಡಿಯಲ್ಲಿ ಬಂದು ಒಂದು ವಾರ ದುಡಿದರೆ, ಆ ಮನೆಯವರಿಗೆ ದೊಡ್ಡ ಮೊತ್ತವೇ ಉಳಿಯುತ್ತಿತ್ತು.

ಚೀರಾಲದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಗೋಡೆ ಇಟ್ಟಿಗೆಯದು, ಸೂರು ತಗಡಿನದು. ಎರಡಕ್ಕೂ ಕಸುಬು ಬೇಕು. ದುಡಿಯುವ ಕೈಗಳಿಗೆ ಅಲ್ಲಿ ಕೊರತೆ ಇಲ್ಲ. ಚಂಡಮಾರುತದ ನಂತರ ಆ ಕೈಗಳಿಗೆ ಕೆಲಸವೇ ಇರುವುದಿಲ್ಲ. ಗದ್ದೆ ನೀರಲ್ಲಿ, ದೋಣಿ ದಡದಲ್ಲಿ, ಮಗ್ಗ ಕೆಸರಲ್ಲಿ. ಅಂಥ ಊರಿಗೆ ಪುಕ್ಕಟೆ ದುಡಿಯುವ 24 ಮಂದಿ ಬಂದಿಳಿದರೆ ಯಾರ ಕೂಲಿ ಹೋಗುತ್ತದೆ, ಹೇಳಿ?

ಇದು ನನ್ನೊಬ್ಬನ ಅನಿಸಿಕೆ ಅಲ್ಲ. 1998ರಲ್ಲಿ ಮಿಚ್ ಹರಿಕೇನ್ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಮಾಡಿತು. ಉತ್ತರ ಅಮೆರಿಕದಿಂದ ಬಹಳಷ್ಟು ಚರ್ಚ್ ತಂಡಗಳು ಅಲ್ಲಿಗೆ ಮನೆ ಕಟ್ಟಲು ಹೋದವು. ಹೊಂಡುರಾಸ್‌ನಲ್ಲೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಆಮೇಲೆ ಆ ಮನೆಗಳವರನ್ನೂ ಹೋದ ತಂಡದವರನ್ನೂ ವಿಚಾರಿಸಿ ನೋಡಿದರು. ಅಲ್ಲಿ ಒಂದು ಮನೆಗೆ ತಗಲುತ್ತಿದ್ದದ್ದು ಸುಮಾರು 2,000 ಡಾಲರ್. ಒಂದು ತಂಡ ಬಂದುಹೋಗಲು ಆಗುತ್ತಿದ್ದ ಖರ್ಚು ಸುಮಾರು 30,000 ಡಾಲರ್. ಪರದೇಶದ ತಂಡ ಕಟ್ಟಿದ ಮನೆಗೂ ಸ್ಥಳೀಯ ಕ್ರೈಸ್ತ ಸಂಸ್ಥೆ ಕಟ್ಟಿಸಿದ ಮನೆಗೂ, ಆ ಕುಟುಂಬಗಳ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ಬದುಕೂ ಅವರು ಅಂದುಕೊಂಡಷ್ಟು ಬದಲಾಗಿರಲಿಲ್ಲ. ಹೋದವರಲ್ಲಿ ಪ್ರೀತಿ ಇತ್ತು, ಅದರ ಬಗ್ಗೆ ಅನುಮಾನ ಇಲ್ಲ. ಆದರೆ ಆ 30,000ದಲ್ಲಿ ಹದಿನೈದು ಮನೆ ಏಳುತ್ತಿದ್ದವು.

ನಿಮ್ಮ ಲೆಕ್ಕವನ್ನೂ ಹಾಗೇ ಹಾಕೋಣ. ರೈಲು, ಅಲ್ಲಿ ಓಡಾಡಲು ಗಾಡಿ, ಊಟ, ಉಳಿಯುವ ಜಾಗ, ಕೈಗವಸು-ಬೂಟು ಎಲ್ಲ ಸೇರಿ 24 ಮಂದಿಗೆ ಒಂದೂವರೆ ಲಕ್ಷ ಹಿಡಿಯಿರಿ. ಗೌಂಡಿ ಮತ್ತು ಸಹಾಯಕ ಒಂದು ಜೋಡಿಗೆ ದಿನಕ್ಕೆ 1,600 ರೂಪಾಯಿ ಅಂದುಕೊಂಡರೆ ಅದೇ ಹಣದಲ್ಲಿ ಆ ಜೋಡಿ 93 ದಿನ ಕೆಲಸ ಮಾಡುತ್ತದೆ. ನಿಮ್ಮ ತಂಡಕ್ಕೆ ಹೋಗಿಬರುವ ದಿನ ಕಳೆದು ಉಳಿಯುವುದು ಐದೋ ಆರೋ ದಿನ. ಅದರಲ್ಲಿ ಮೊದಲ ಎರಡು ದಿನ ಕರಣೆ ಹಿಡಿಯುವುದು ಹೇಗೆ ಅಂತ ಕಲಿಯುವುದಕ್ಕೇ ಹೋಗುತ್ತದೆ. ಕಲಿಸಲು ಒಬ್ಬ ಗೌಂಡಿ ತನ್ನ ಕೆಲಸ ಬಿಟ್ಟು ನಿಂತಿರಬೇಕು. ನಾಲ್ಕೇ ಮಂದಿ ಹೋದರೆ ಪ್ರಯಾಣಕ್ಕೆ 25,000 ಸಾಕು. ಉಳಿದ ಮೂರು ಮುಕ್ಕಾಲು ಲಕ್ಷ ಪೂರ್ತಿ ಆ ಊರಿಗೇ ಸಲ್ಲುತ್ತದೆ.

ಹೋದವರು ಮೊದಲು ತಿಳಿದುಕೊಳ್ಳಬೇಕಾದದ್ದು ಸರಕಾರದ ಸಮೀಕ್ಷೆ ಎಲ್ಲಿಗೆ ಬಂದಿದೆ ಅಂತ. ಇದನ್ನು ಬಹಳ ಜನ ಮರೆಯುತ್ತಾರೆ. ಬಿದ್ದ ಮನೆಗೆ ಪರಿಹಾರ ಸಿಗಬೇಕಾದರೆ ಅಧಿಕಾರಿಗಳು ಬಂದು ನೋಡಿ, ಫೋಟೊ ತೆಗೆದು, ಪೂರ್ತಿ ಬಿದ್ದಿದೆಯೋ ಅರ್ಧ ಬಿದ್ದಿದೆಯೋ ಬರೆದುಕೊಳ್ಳಬೇಕು. ಅದಕ್ಕೂ ಮುಂಚೆ ನೀವು ಹೋಗಿ ಉತ್ಸಾಹದಲ್ಲಿ ಅವಶೇಷ ಎತ್ತಿ, ಗೋಡೆ ನೇರ ಮಾಡಿ, ಹೊಸ ತಗಡು ಹೊದಿಸಿಬಿಟ್ಟರೆ ಆ ಮನೆ ಪಟ್ಟಿಯಲ್ಲಿ ‘ಸಣ್ಣ ಹಾನಿ’ ಆಗಿಬಿಡುತ್ತದೆ. 2019ರ ಪ್ರವಾಹದ ನಂತರ ನಮ್ಮ ರಾಜ್ಯ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು, ಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ. ಒಂದು ಶಬ್ದ ಆಚೀಚೆ ಆದರೆ ನಾಲ್ಕೂವರೆ ಲಕ್ಷ ಹೋಯಿತು. ಆಂಧ್ರದ ಮೊತ್ತ ಬೇರೆ ಇರುತ್ತದೆ, ಕ್ರಮ ಇದೇ. ಅಲ್ಲಿನ ಗ್ರಾಮ ಮಟ್ಟದ ಸರಕಾರಿ ಕಚೇರಿಗೆ ಹೋಗಿ ಪಟ್ಟಿ ಆಗಿದೆಯೇ ಕೇಳಿ. ಆಗುವ ತನಕ ಒಂದು ಇಟ್ಟಿಗೆಯನ್ನೂ ಸರಿಸಬೇಡಿ. ಮಳೆಗೆ ತಾಡಪತ್ರಿ ಕಟ್ಟಿಕೊಡಿ, ಅಷ್ಟು ಸಾಕು.

ಮನೆಯನ್ನೇ ಕಟ್ಟಿಸಬೇಕು ಅನ್ನುವ ಹಟ ಇದ್ದರೆ, ಆಂಧ್ರಕ್ಕೆ ಹೊರಡುವ ಮುಂಚೆ ಒಂದು ಭಾನುವಾರ ಆರಾಧನೆ ಮುಗಿಸಿ ಹೊಳೆಆಲೂರು, ಮೆಣಸಗಿ ಕಡೆ ಹೋಗಿಬನ್ನಿ. ನಿಮ್ಮದೇ ಜಿಲ್ಲೆ. 2009ರ ನೆರೆಯ ನಂತರ ಮಲಪ್ರಭೆಯ ದಂಡೆಯ ಊರುಗಳಿಗೆ ‘ಆಸರೆ’ ಯೋಜನೆಯಲ್ಲಿ ಹೊಸ ಮನೆ ಕಟ್ಟಿದರು. ದಾನಿಗಳು ಕೋಟಿಗಟ್ಟಲೆ ಕೊಟ್ಟರು. ಎಷ್ಟೋ ಕಡೆ ಆ ಮನೆಗಳಲ್ಲಿ ಜನ ಇರಲೇ ಇಲ್ಲ. ಹೊಲ ದೂರ, ಎತ್ತು ಎಮ್ಮೆ ಕಟ್ಟಲು ಜಾಗ ಇಲ್ಲ, ಹೊಟ್ಟು ಮೇವು ಇಡಲು ಹಿತ್ತಲಿಲ್ಲ. ಜನ ಹಳೆ ಊರಿಗೇ ವಾಪಸ್ ಬಂದರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದೇ ಊರುಗಳು ಮತ್ತೆ ಮುಳುಗಿದವು. ಆ ಮನೆಯ ಹೆಣ್ಣುಮಕ್ಕಳನ್ನು ಮಾತಾಡಿಸಿ. ಕಟ್ಟುವ ಮುಂಚೆ ಯಾರಾದರೂ ನಿಮ್ಮನ್ನು ಕೇಳಿದ್ದರಾ ಅಂತ ವಿಚಾರಿಸಿ. ಆ ಉತ್ತರ ಮನಸ್ಸಿನಲ್ಲಿಟ್ಟುಕೊಂಡು ಚೀರಾಲಕ್ಕೆ ಹೋದರೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಈಗ ಮಗ್ಗದ ಮಾತಿಗೆ ಬರುತ್ತೇನೆ.

ಚೀರಾಲ, ವೇಟಪಾಲೆಂ ಸುತ್ತಮುತ್ತ ಕೈಮಗ್ಗದ್ದೇ ಬದುಕು. ಬಹಳ ಮಗ್ಗಗಳು ಕುಣಿ ಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಬೆಟಗೇರಿಯ ಓಣಿಯವರಿಗೆ ನಾನು ಇದನ್ನು ವಿವರಿಸಬೇಕಿಲ್ಲ. ಜೋರು ಮಳೆ ಬಂದರೆ ಮೊದಲು ತುಂಬುವುದೇ ಆ ಕುಣಿ. ಕರಾವಳಿಯಲ್ಲಿ ನೆಲದಡಿಯ ನೀರು ಮೇಲೆಯೇ ಇರುತ್ತದೆ. ಪಂಪ್ ಹಾಕಿ ಎತ್ತಿದರೂ ಮರುದಿನ ಮತ್ತೆ ಒಸರುತ್ತದೆ. ಮನೆ ಗಟ್ಟಿಯಾಗಿ ನಿಂತಿದ್ದರೂ ಮಗ್ಗ ವಾರಗಟ್ಟಲೆ ನಿಲ್ಲುತ್ತದೆ. ಮನೆ ಬೀಳದ ಕಾರಣ ಇವರು ಪರಿಹಾರದ ಪಟ್ಟಿಯಿಂದ ತಪ್ಪಿಹೋಗುವುದು ಸುಲಭ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಹಾಸು ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಎಳೆದು ಹೂಡಿದ ನೂಲು) ಗಂಜಿ ಹಾಕಿರುತ್ತಾರಲ್ಲ, ತೇವಕ್ಕೆ ಅದೇ ಬೂಷ್ಟಿಗೆ ಊಟ. ನೂಲು ಹಾಯುವ, ಬಾಚಣಿಗೆಯಂಥ ಉಕ್ಕಿನ ಹಣಿಗೆ ತುಕ್ಕು ಹಿಡಿದು ನೂಲಿಗೆ ಕಲೆ ಬಿಡುತ್ತದೆ. ವಿನ್ಯಾಸ ಮೂಡಿಸುವ ಜಕಾರ್ಡ್ ಯಂತ್ರದ ತೂತಿನ ರಟ್ಟು ನೀರು ಕುಡಿದು ಉಬ್ಬಿದರೆ ತೂತು ಸರಿಯಾಗಿ ಕೂರುವುದಿಲ್ಲ, ಅಂಚಿನ ವಿನ್ಯಾಸ ಕೆಡುತ್ತದೆ. ಚೌಕಟ್ಟಿನ ಮರ ಉಬ್ಬಿ ಸೊಟ್ಟಗಾಗುತ್ತದೆ. ಒಂದು ಹಾಸಿನಲ್ಲಿ ಹಲವು ಸೀರೆ ಇಳಿಯಬೇಕು, ಅದು ಹೋದರೆ ಅಷ್ಟೂ ಸೀರೆಯ ಕೂಲಿ ಹೋದಂತೆ. ನೂಲು ಎಷ್ಟೋ ಸಲ ನೇಕಾರನದಲ್ಲ, ಕೊಟ್ಟ ಸಾಹುಕಾರನದು. ಕೆಟ್ಟ ನೂಲು ಸಾಲವಾಗಿ ನೇಕಾರನ ತಲೆ ಮೇಲೆ ಕೂರುತ್ತದೆ.

ಇಲ್ಲಿ ಬೆಟಗೇರಿಯ ಕೈಗೆ ಬೆಲೆ ಇದೆ. ನಿಮ್ಮ ಸಭೆಯಲ್ಲೋ ಓಣಿಯಲ್ಲೋ ಮಗ್ಗ ಹೂಡುವ, ಹಣಿಗೆ ಸರಿಮಾಡುವ, ಜಕಾರ್ಡ್ ಕೂರಿಸುವ ಹಿರಿಯರು ಇದ್ದೇ ಇರುತ್ತಾರೆ. ಈಗ ಪವರ್‌ಲೂಮ್‌ಗೆ ಹೋದವರಾದರೂ ಕೈಮಗ್ಗ ಮರೆತಿರುವುದಿಲ್ಲ. ಅಂಥ ಇಬ್ಬರನ್ನು ಕರೆದುಕೊಂಡು ಹೋಗಿ. ಕ್ರೈಸ್ತರೇ ಆಗಬೇಕು ಅಂತ ಏನೂ ಇಲ್ಲ. ತೆಲುಗು ಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರಿಗೆ ದಿನಗೂಲಿ ಕೊಡಿ. ಸೇವೆ ಅಂತ ಹೇಳಿ ಬಡವರನ್ನು ಪುಕ್ಕಟೆ ದುಡಿಸಬೇಡಿ. ಅಲ್ಲಿನ ಬಡಗಿಗಳ ಜೊತೆ ಕೂತು ಎಷ್ಟು ಮಗ್ಗ ಸರಿಯಾಗುತ್ತವೆ, ಯಾವುದಕ್ಕೆ ಹೊಸ ಹಣಿಗೆ ಬೇಕು, ಎಷ್ಟು ಹಾಸು ಕೆಟ್ಟಿದೆ ಅಂತ ಮನೆ ಮನೆ ಪಟ್ಟಿ ಮಾಡಲಿ. ಹಣಿಗೆ, ಲಾಳಿ, ಹಗ್ಗಗಳಲ್ಲಿ ಗದಗಿನಲ್ಲೇ ಸಿಗುವುದನ್ನು ಎರಡನೆಯ ಸಲ ಹೋಗುವಾಗ ಒಯ್ಯಬಹುದು. ಅಳತೆ ಮಾತ್ರ ಅಲ್ಲಿಂದಲೇ ಬರೆದುಕೊಂಡು ಬರಬೇಕು. ನಿಮ್ಮ ಮಗ್ಗದ ಅಳತೆ ಅವರಿಗೆ ಹೊಂದಬೇಕೆಂದಿಲ್ಲ.

ಕುಣಿಯ ಬಗ್ಗೆ ಒಂದು ಸಲಹೆ. ಒಳಗೆ ಇಟ್ಟಿಗೆ ಕಟ್ಟಿ ನೀರು ತಡೆಯುವ ಗಿಲಾವು ಮಾಡಿಸಬಹುದು. ಇನ್ನೂ ಒಳ್ಳೆಯದು, ಸುತ್ತ ಒಂದು ಅಡಿ ಕಟ್ಟೆ ಎಬ್ಬಿಸಿ ಮಗ್ಗವನ್ನೇ ಮೇಲೆ ಕೂರಿಸುವುದು. ಆಗ ಕುಣಿಯ ಆಳ ಕಡಿಮೆಯಾಗುತ್ತದೆ, ಓಣಿಯ ನೀರು ಹೊಸ್ತಿಲು ದಾಟಿದರೂ ಕುಣಿಗೆ ಇಳಿಯುವುದಿಲ್ಲ. ಆದರೆ ಸೂರು ತಗ್ಗಾಗಿದ್ದರೆ ಜಕಾರ್ಡಿನ ತಲೆ ಜಂತಿಗೆ ತಾಗುತ್ತದೆ. ಇಂಥದ್ದನ್ನು ಅಲ್ಲೇ ನಿಂತು ನೇಕಾರನನ್ನು ಕೇಳಿಯೇ ತೀರ್ಮಾನ ಮಾಡಬೇಕು. ಬೇಡ ಅಂದರೆ ಬೇಡ.

ಉಳಿದ ಹಣದಲ್ಲಿ ಸೂರಿನ ಕೆಲಸ ಮಾಡಿಸಿ. ಪೂರ್ತಿ ಎರಡು ಮನೆ ಕಟ್ಟಿಸುವುದಕ್ಕಿಂತ ಹೆಚ್ಚು ಮನೆಗಳ ಸೂರನ್ನು ಮುಂದಿನ ಗಾಳಿಗೆ ನಿಲ್ಲುವಂತೆ ಬಿಗಿ ಮಾಡಿಸುವುದು ಲಾಭ.

ನಮ್ಮ ಕಡೆಯವರಿಗೆ ಗಾಳಿಯ ಲೆಕ್ಕ ಅಷ್ಟಾಗಿ ಗೊತ್ತಿರುವುದಿಲ್ಲ. ನರಗುಂದ, ರೋಣದ ಮಾಳಿಗೆ ಮನೆಗಳಿಗೆ ಶತ್ರು ನೀರು. ಮೇಲ್ಮುದ್ದೆಯ (ಚಾವಣಿಗೆ ಹಾಕಿದ ಮಣ್ಣಿನ) ಭಾರ, ಕೆಳಗೆ ನೆನೆದ ಮಣ್ಣಿನ ಗೋಡೆ, ಕುಸಿಯುತ್ತದೆ. ಕರಾವಳಿಯಲ್ಲಿ ಮನೆ ಕುಸಿಯುವುದಕ್ಕೆ ಮುಂಚೆ ಸೂರು ಹಾರುತ್ತದೆ. ಸೂರು ಹಾರಿದ ಮೇಲೆ ಗೋಡೆಗೆ ಮೇಲಿನ ಹಿಡಿತ ತಪ್ಪುತ್ತದೆ, ಆಮೇಲೆ ಗೋಡೆ ಮಲಗುತ್ತದೆ. ಗಂಟೆಗೆ 180 ಕಿಲೋಮೀಟರ್ ಗಾಳಿ ಅಂದರೆ ಸೆಕೆಂಡಿಗೆ 50 ಮೀಟರ್. ಅದರ ಒತ್ತಡ ಒಂದು ಚದರ ಮೀಟರಿಗೆ ಸುಮಾರು 150 ಕಿಲೋ ಭಾರದಷ್ಟು. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗಡನ್ನು ಅಂಥ ಗಾಳಿ ನಾಲ್ಕೂವರೆ ಕ್ವಿಂಟಲ್ ಬಲದಿಂದ ಮೇಲಕ್ಕೆ ಎಳೆಯಬಲ್ಲದು. ಮೂಲೆ ಮತ್ತು ಅಂಚುಗಳಲ್ಲಿ ಎಳೆತ ಇನ್ನೂ ಜಾಸ್ತಿ. ತಗಡಿನ ತೂಕ ಇಪ್ಪತ್ತು ಕಿಲೋ ಕೂಡ ಇರುವುದಿಲ್ಲ. ಮೇಲೆ ನಾಲ್ಕು ಕಲ್ಲು, ಎರಡು ಮರಳು ಚೀಲ ಇಟ್ಟರೆ ಏನೂ ಆಗದು. ಗಾಳಿಗೆ ಆ ಕಲ್ಲೇ ಪಕ್ಕದ ಮನೆಯವರ ತಲೆಗೆ ಬೀಳುತ್ತದೆ.

ಮಾಡಬೇಕಾದದ್ದು ಇಷ್ಟು. ತಗಡು ಜಂತಿಗೆ, ಜಂತಿ ಗೋಡೆಗೆ, ಗೋಡೆ ಬುನಾದಿಗೆ ಹಿಡಿದಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲ ಇದ್ದರೂ ಗಾಳಿ ಅದನ್ನೇ ಹುಡುಕುತ್ತದೆ. ತಗಡಿಗೆ ಮೊಳೆ ಬೇಡ, ಜೆ ಆಕಾರದ ಕೊಕ್ಕೆ ಬೋಲ್ಟ್ ಮತ್ತು ವಾಷರ್ ಹಾಕಿಸಿ. ಅಂಚು, ಮೂಲೆ, ನೆತ್ತಿಯಲ್ಲಿ ಬೋಲ್ಟ್‌ಗಳು ಹತ್ತಿರ ಹತ್ತಿರ ಇರಲಿ. ಜಂತಿಯನ್ನು ಗೋಡೆಯ ಮೇಲಿನ ಕಾಂಕ್ರೀಟ್ ಪಟ್ಟಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಯಿಂದ ಸುತ್ತಿ ಬಿಗಿಯಿರಿ. ಸೂರಿನ ಇಳಿಜಾರು 22ರಿಂದ 30 ಡಿಗ್ರಿ ಇದ್ದರೆ ಎಳೆತ ಕಡಿಮೆ. ಚಪ್ಪಟೆಯಾದ ತಗಡಿನ ಸೂರು ಬೇಗ ಏಳುತ್ತದೆ. ನಾಲ್ಕೂ ಕಡೆ ಇಳಿಜಾರು ಇರುವ ಸೂರು ಎರಡು ಕಡೆಯದಕ್ಕಿಂತ ಗಟ್ಟಿ. ಗೋಡೆಯಿಂದ ಆಚೆ ಚಾಚಿದ ಸೂರು ಒಂದೂವರೆ ಅಡಿ ಮೀರುವುದು ಬೇಡ. ವರಾಂಡದ ಸೂರನ್ನು ಮನೆಯ ಸೂರಿಗೆ ಅಂಟಿಸದೆ ಬೇರೆಯೇ ಕಟ್ಟಿಸಿ, ಹೋದರೆ ಅದೊಂದೇ ಹೋಗಲಿ. ಬೋಲ್ಟು, ವಾಷರ್, ಪಟ್ಟಿಗಳ ಬೆಲೆ ತಗಡಿನ ಬೆಲೆಯ ಮುಂದೆ ಏನೇನೂ ಅಲ್ಲ. ಆದರೂ ಎಲ್ಲರೂ ಉಳಿಸುವುದು ಅಲ್ಲೇ.

ಗಾಳಿ ಒಂದೇ ದಿಕ್ಕಿನಿಂದ ಬರುತ್ತದೆ ಅನ್ನುವ ಲೆಕ್ಕವೂ ಬೇಡ. ಚಂಡಮಾರುತದ ಕಣ್ಣು ಊರಿನ ಮೇಲೆ ಹಾದರೆ ಮೊದಲು ಒಂದು ಕಡೆಯಿಂದ ಬಡಿಯುತ್ತದೆ, ನಡುವೆ ಗಾಳಿ ನಿಲ್ಲುತ್ತದೆ, ಆಮೇಲೆ ಎದುರು ದಿಕ್ಕಿನಿಂದ ಬಡಿಯುತ್ತದೆ. ಪೂರ್ವ ಕರಾವಳಿಗೆ ಸಮುದ್ರದಿಂದ ನೇರ ಒಳಗೆ ಬರುವ ಚಂಡಮಾರುತದಲ್ಲಿ ಸಾಮಾನ್ಯವಾಗಿ ಮೊದಲು ಬಡಗಣ ಗಾಳಿ, ಆಮೇಲೆ ತೆಂಕಣ ಗಾಳಿ. ಇದನ್ನು ಆ ಊರಿನ ಹಿರಿಯರು ನಿಮಗಿಂತ ಚೆನ್ನಾಗಿ ಬಲ್ಲರು. 1977ರ ನವೆಂಬರ್ 19ರ ಚಂಡಮಾರುತ ನೆಲ ಮುಟ್ಟಿದ್ದು ಚೀರಾಲದ ಹತ್ತಿರವೇ. ಆಗ ಎದ್ದ ಸಮುದ್ರದ ನೀರು ಕೃಷ್ಣಾ ನದಿ ಸಮುದ್ರ ಸೇರುವ ಕಡೆಯ ದಿವಿಸೀಮೆಯ ಹಳ್ಳಿಗಳನ್ನೇ ತೊಳೆದುಕೊಂಡು ಹೋಯಿತು. ಹತ್ತು ಸಾವಿರ ಮಂದಿ ಸತ್ತರು ಅನ್ನುವುದು ಕಡಿಮೆ ಲೆಕ್ಕ. ಅದನ್ನು ಕಂಡವರು ಇನ್ನೂ ಇದ್ದಾರೆ. ಅವರ ಮಾತು ಕೇಳದೆ ಮನೆಯ ನಕ್ಷೆ ಬರೆಯಬೇಡಿ.

ಈಗಿನ ಚಂಡಮಾರುತಗಳಲ್ಲಿ ಸಾವು ಬಹಳ ಕಡಿಮೆಯಾಗಿದೆ. 1999ರ ಒಡಿಶಾ ಮಹಾ ಚಂಡಮಾರುತದಲ್ಲಿ ಸತ್ತವರು ಹತ್ತಿರ ಹತ್ತಿರ 10,000. 2019ರಲ್ಲಿ ಫನಿ ಚಂಡಮಾರುತ ಅದೇ ರಾಜ್ಯದ ಪುರಿಗೆ ಬಡಿದಾಗ ಅದಕ್ಕೂ ಮುಂಚೆಯೇ 12 ಲಕ್ಷ ಜನರನ್ನು ಸಾಗಿಸಿದ್ದರು, ಸಾವು ನೂರರ ಒಳಗೆ ಉಳಿಯಿತು. ಜೀವ ಉಳಿಯುತ್ತದೆ, ಮನೆ ಮತ್ತು ದುಡಿಮೆ ಹೋಗುತ್ತದೆ. ಟಿವಿಯವರು ನಾಲ್ಕು ದಿನಕ್ಕೆ ಹೊರಟುಹೋಗುತ್ತಾರೆ. ನಿಜವಾದ ತೊಂದರೆ ಮೂರನೆಯ ತಿಂಗಳಲ್ಲಿ. ಅದಕ್ಕೇ ಬರುವ ತಿಂಗಳು ಬೇಡ ಅಂದದ್ದು. ಈಗ ಅಲ್ಲಿ ತಗಡಿಗೂ ಗೌಂಡಿಗೂ ಎಳೆದಾಟ ಇರುತ್ತದೆ, ಎಲ್ಲದಕ್ಕೂ ಬೆಲೆ ಏರಿರುತ್ತದೆ. ನಾಲ್ವರು ಈಗ ಹೋಗಿಬನ್ನಿ. ಎಂಟು ಹತ್ತು ಮಂದಿಯ ತಂಡ ಫೆಬ್ರವರಿಯಲ್ಲಿ ಹೋಗಲಿ. ಆಗ ನೆಲ ಒಣಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ.

ಕಟ್ಟುವಾಗ ಒಂದು ಮಾತ್ರ ಕಣ್ಣಿಟ್ಟು ನೋಡಿ. ಸಮುದ್ರದ ಮರಳು ಪುಕ್ಕಟೆ ಸಿಗುತ್ತದೆ ಅಂತ ಕಾಂಕ್ರೀಟಿಗೆ ಹಾಕಬಾರದು. ಉಪ್ಪು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ, ಕೆಲವೇ ವರ್ಷದಲ್ಲಿ ಕಾಂಕ್ರೀಟ್ ಸಿಡಿಯುತ್ತದೆ. ಉಪ್ಪು ನೀರಿನ ಬಾವಿಯದ್ದೂ ಬೇಡ. ಕಡಲಿಗೆ ತೀರ ಹತ್ತಿರದ ಜಾಗವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. ಹೊಸ ಮನೆಗೆ ಕೈಹಾಕುವ ಮುಂಚೆ ಜಾಗದ ಪಟ್ಟಾ ಮತ್ತು ಅನುಮತಿ ಎರಡನ್ನೂ ಕೇಳಿ.

ಪ್ರಾರ್ಥನಾ ಕೂಟದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ನೀವು ನಿಮ್ಮ ನಿಮ್ಮಲ್ಲಿ ಪ್ರಾರ್ಥನೆ ಮಾಡಿ, ಭಾನುವಾರ ಅಲ್ಲಿನ ಸಭೆಯ ಆರಾಧನೆಗೆ ಹೋಗಿ. ಯಾರೂ ಬೇಡ ಅನ್ನುವುದಿಲ್ಲ. ಆದರೆ ನೆರವು ಕೊಡುವ ಜಾಗದಲ್ಲಿ ಕೂಟ ಬೇಡ, ಕರಪತ್ರ ಬೇಡ, ತಗಡಿನ ಮೇಲೆ ಸಂಘದ ಹೆಸರೂ ಬೇಡ. 1994ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ವಿಪತ್ತು ಪರಿಹಾರದ ನೀತಿ ಸಂಹಿತೆ ಮಾಡಿದವರಲ್ಲಿ ಜಾಗತಿಕ ಚರ್ಚ್ ಮಂಡಳಿ, ಲುಥೆರನ್ ಒಕ್ಕೂಟ, ಕ್ಯಾಥೊಲಿಕರ ಕಾರಿತಾಸ್ ಎಲ್ಲ ಇದ್ದರು. ನೆರವನ್ನು ಯಾವ ಮತದ ಅಥವಾ ರಾಜಕೀಯದ ನಿಲುವನ್ನು ಮುಂದೆ ಮಾಡಲು ಬಳಸಬಾರದು ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಇದೆ. ಹೊಟ್ಟೆಗಿಲ್ಲದವನ ಎದುರು ತಗಡು ಇಟ್ಟುಕೊಂಡು ಕೂಟಕ್ಕೆ ಕರೆದರೆ ಅವನು ಬರುತ್ತಾನೆ. ಯಾಕೆ ಬಂದ ಅನ್ನುವುದು ನಿಮಗೂ ಗೊತ್ತು, ಅವನಿಗೂ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಊರಿನ ಜನಕ್ಕೆ ಅವರ ಹೆಸರು ಇವತ್ತಿಗೂ ನೆನಪಿರುವುದು ಹೆಚ್ಚಾಗಿ ಆಸ್ಪತ್ರೆಯಿಂದ. ಅಲ್ಲಿಗೆ ಹೋಗುವವರನ್ನು ಯಾರೂ ಜಾತಿ ಮತ ಕೇಳಿ ಒಳಗೆ ಬಿಡುವುದಿಲ್ಲ, ಅಲ್ವಾ?

ಫಲಾನುಭವಿಗಳ ಪಟ್ಟಿಯನ್ನೂ ಆ ಸಭಾಪಾಲಕರೊಬ್ಬರ ಕೈಯಿಂದ ಬರೆಸಬೇಡಿ. ಅವರು ಎಷ್ಟೇ ಒಳ್ಳೆಯವರಾದರೂ ಅವರಿಗೆ ಗೊತ್ತಿರುವ ಮನೆಗಳು ಅವರ ಸಭೆಯವೇ. ನೇಕಾರರ ಸಂಘದವರು, ಊರಿನ ಮಹಿಳಾ ಗುಂಪಿನವರು, ಮೀನುಗಾರರ ಓಣಿಯ ಹಿರಿಯರು ಸೇರಿ ಬಯಲಲ್ಲಿ ಕೂತು ಪಟ್ಟಿ ಓದಲಿ. ವಿಧವೆಯರ ಮನೆ, ಬಾಡಿಗೆ ಮನೆಯವರು ಬಿಟ್ಟುಹೋಗಿದ್ದಾರಾ ನೋಡಿ. ಬಾಡಿಗೆಯವರನ್ನು ಸರಕಾರದ ಪಟ್ಟಿಯೂ ಎಷ್ಟೋ ಸಲ ಮರೆಯುತ್ತದೆ. ಇಂಥ ಕೆಲಸದಲ್ಲಿ ಅನುಭವ ಇರುವ ಕಾಸಾ ಎಂಬ ಚರ್ಚ್‌ಗಳ ಪರಿಹಾರ ಸಂಸ್ಥೆ 1947ರಿಂದ ನಮ್ಮ ದೇಶದಲ್ಲಿದೆ. ಧಾರವಾಡದಲ್ಲಿರುವ ನಿಮ್ಮ ಡಯಾಸಿಸ್ ಕಚೇರಿಯ ಮೂಲಕ ಅವರನ್ನು ವಿಚಾರಿಸಿ.

ಅಣ್ಣನ ಹಣ. ಅವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತಮ್ಮ ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರರಾಗಿದ್ದರೆ, ಅಥವಾ ಅವರ ಚರ್ಚ್‌ನ ಹಣವಾದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಯುವಜನ ಸಂಘ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆ ಪಡೆದು ನಿಮಗೆ ದಾಟಿಸುವುದೂ 2020ರ ತಿದ್ದುಪಡಿಯ ನಂತರ ಆಗದು. ಹಾಗಿದ್ದರೆ ಆ ಚರ್ಚ್‌ನವರು ನೋಂದಣಿ ಇರುವ ಸಂಸ್ಥೆಗೇ ನೇರವಾಗಿ ಕೊಡಲಿ, ಆ ಸಂಸ್ಥೆಯೇ ಖರ್ಚು ಮಾಡಲಿ. ನಿಮ್ಮ ಖಾತೆಗೆ ಹಾಕಿಸಿಕೊಂಡು ಸುಮ್ನೆ ತೊಂದರೆ ತಂದುಕೊಳ್ಳಬೇಡಿ.

ಹಳೆ ಬಟ್ಟೆ ಒಯ್ಯಬೇಡಿ. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿ ರಸ್ತೆಗಳ ಬದಿಯಲ್ಲಿ ಹಳೆ ಬಟ್ಟೆಯ ಗುಡ್ಡೆಗಳೇ ಬಿದ್ದಿದ್ದವು. ಅದೂ ನೇಕಾರರ ಊರಿಗೆ ಹಳೆ ಸೀರೆ ಒಯ್ಯುವುದು! ಖಡಕ್ ರೊಟ್ಟಿ ನಿಮ್ಮ ದಾರಿಗೆ ಕಟ್ಟಿಕೊಳ್ಳಿ. ಅವರಿಗೆ ಬೇಕಾದದ್ದು ಅಕ್ಕಿ, ಅದು ಅಲ್ಲೇ ಸಿಗುತ್ತದೆ. ಅಲ್ಲಿನ ಅಂಗಡಿಯಲ್ಲೇ ಕೊಂಡರೆ ಆ ಅಂಗಡಿಯವನೂ ಉಸಿರಾಡುತ್ತಾನೆ.

ಗದಗದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂಟೂರಿಗೆ ನೇರ. ಅಲ್ಲಿಂದ ತೆನಾಲಿ, ಬಾಪಟ್ಲ ಮೇಲೆ ಚೀರಾಲ. ಹೊರಡುವ ಮುಂಚೆ ಎಲ್ಲರೂ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ. ಕೆಸರಿಗೆ ಇಳಿಯುವವರು ಇಲಿಜ್ವರದ ಬಗ್ಗೆ ವೈದ್ಯರನ್ನು ಕೇಳಿ. ಗಮ್‌ಬೂಟ್ ಇಲ್ಲದೆ, ಕಾಲಿನಲ್ಲಿ ಗಾಯ ಇಟ್ಟುಕೊಂಡು ನಿಂತ ನೀರಿಗೆ ಇಳಿಯಬಾರದು. ಒಡೆದ ಸಿಮೆಂಟ್ ಶೀಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅವನ್ನು ನೀರು ಚಿಮುಕಿಸಿಯೇ ಎತ್ತಬೇಕು, ಒಣಗಿದ್ದನ್ನು ಕುಟ್ಟಿ ಒಡೆಯಬಾರದು. ಸೂರು ಹತ್ತುವ ಕೆಲಸ ನಿಮ್ಮ ಹುಡುಗರಿಗೆ ಬೇಡವೇ ಬೇಡ. ಬಿದ್ದು ಸೊಂಟ ಮುರಿದುಕೊಂಡರೆ ನೋಡಿಕೊಳ್ಳುವ ಹೊರೆ ಆ ಊರಿನ ಮೇಲೇ ಬೀಳುತ್ತದೆ.

ಹಾಗಾದರೆ ಉಳಿದ ಇಪ್ಪತ್ತು ಮಂದಿ ಏನು ಮಾಡಬೇಕು? ಅವರ ಹುರುಪು ಆರಬಾರದು, ನಿಜ. ಹಣಿಗೆ, ಬೋಲ್ಟು, ನೂಲಿನ ದರ ವಿಚಾರಿಸುವುದು, ಗದಗ ಹುಬ್ಬಳ್ಳಿಯ ಸಗಟು ಅಂಗಡಿ ಸುತ್ತುವುದು, ಮಗ್ಗದ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವುದು, ಅಲ್ಲಿ ನೇಯ್ದ ಮೊದಲ ಸೀರೆಗಳಿಗೆ ಇಲ್ಲಿ ಗಿರಾಕಿ ಹುಡುಕುವುದು, ಎಲ್ಲ ಅವರದ್ದೇ ಕೆಲಸ. ಕೊನೆಯದ್ದು ಬಹಳ ದೊಡ್ಡದು. ಮುಂದಿನ ಸುಗ್ಗಿ ಹಬ್ಬದಲ್ಲಿ ಆ ಸೀರೆಗಳನ್ನು ಪೂರ್ತಿ ಬೆಲೆ ಕೊಟ್ಟು ತರಿಸಿ ಮಾರಿ. ದಯೆ ತೋರಿಸಿ ಕೊಳ್ಳುವುದು ಬೇಡ, ಸೀರೆ ಚೆನ್ನಾಗಿದೆ ಅಂತ ಕೊಳ್ಳಿ.

ಮೊದಲು ಹೋಗುವ ನಾಲ್ವರಲ್ಲಿ ಇಬ್ಬರು ಮಗ್ಗ ಬಲ್ಲವರು, ಒಬ್ಬರು ಅನುಭವಿ ಗೌಂಡಿ, ಒಬ್ಬರು ಲೆಕ್ಕ ಬರೆಯುವವರು. ನಾಲ್ವರಲ್ಲಿ ಒಬ್ಬಿಬ್ಬರಾದರೂ ಹೆಂಗಸರು ಇರಲೇಬೇಕು. ಸಂಡಾಸು ಬಿದ್ದಿದೆ, ಸ್ನಾನಕ್ಕೆ ಮರೆ ಇಲ್ಲ ಅನ್ನುವುದನ್ನು ಅಲ್ಲಿನ ಹೆಣ್ಣುಮಕ್ಕಳು ನಿಮ್ಮ ಹುಡುಗರ ಹತ್ತಿರ ಹೇಳುವುದಿಲ್ಲ. ಟಿಕೆಟ್ ಮಾಡಿಸುವ ಮುಂಚೆ ಆ ಸಭಾಪಾಲಕರಿಗೆ ಫೋನ್ ಮಾಡಿ ಎರಡೇ ವಿಷಯ ಕೇಳಿ: ಸಮೀಕ್ಷೆಯವರು ಬಂದುಹೋದರಾ? ಕುಣಿಗಳ ನೀರು ಇಳಿಯಿತಾ? ಎರಡಕ್ಕೂ ಇಲ್ಲ ಅಂದರೆ ಇನ್ನೊಂದು ಹದಿನೈದು ದಿನ ತಡೆಯಿರಿ.